ಪುಪೂಸದ ಪಂಕ್ತಿಯಲ್ಲಿ

ಪರದೇಶದ ಭೋಜನಾಲಯವೆಂದರೆ ನಮ್ಮ ಹಿರಿಯರಲ್ಲಿ ಅನೇಕರಿಗೆ ಇಂದಿಗೂ ಒಂದು ಬಗೆಯ ಅಳುಕು. ಮೇಜಿನ ಮೇಲೆ ಚೂರಿ, ಮುಳ್ಳುಚಮಚಗಳ ಸಾಲು. ಯಾವುದನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬ ಗಾಬರಿ. ಮೊಮ್ಮಗು ನೀರಿನ ಲೋಟ ಉರುಳಿಸಿದರೆ ಪಕ್ಕದವರು ಹುಬ್ಬೇರಿಸಿಯಾರೆಂಬ ಸಂಕೋಚ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆಂದು ಹೋಗಿಬಂದ ದಂಪತಿಗಳು ಈ ಸಂಕಟವನ್ನು ಚೆನ್ನಾಗಿ ಬಲ್ಲರು. ಅಂಥವರಿಗೆ ಈ ವಾರ ಒಂದು ಸುಖವಾರ್ತೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಸಂಸಾರ ಒಂದೇ ಮೇಜಿನ ಸುತ್ತ ಕುಳಿತು, ಕೈಯಿಂದಲೇ ಮುರಿದು, ಗಟ್ಟಿಯಾಗಿ ಮಾತನಾಡುತ್ತ ಉಣ್ಣಬಹುದಾದ ಭೋಜನಾಲಯಗಳು ಆ ದೇಶದಲ್ಲಿಯೂ ಉಂಟು. ಅವು ಎಲ್ ಸಾಲ್ವಡೋರ್ ದೇಶದವರ ‘ಪುಪುಸೆರಿಯಾ’ಗಳು.

ಎಲ್ ಸಾಲ್ವಡೋರ್ ಎಲ್ಲಿದೆಯೆಂದು ಭೂಪಟ ತೆರೆದರೆ ಕನ್ನಡಕ ಬೇಕಾದೀತು. ಮಧ್ಯ ಅಮೆರಿಕದ ಮುಖ್ಯ ಭೂಭಾಗದಲ್ಲಿ, ಪೆಸಿಫಿಕ್ ಸಾಗರದ ಅಂಚಿಗೆ ಅಂಟಿಕೊಂಡಿರುವ ಅತಿ ಚಿಕ್ಕ ದೇಶವದು. ವಿಸ್ತೀರ್ಣ ಸುಮಾರು ೨೧,೦೦೦ ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ಒಂಬತ್ತನೆಯ ಒಂದು ಪಾಲು. ಜನಸಂಖ್ಯೆ ಅರವತ್ತು ಲಕ್ಷದ ಆಸುಪಾಸು. ಆದರೆ ಆ ಮೂಲದವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೇ ಇಪ್ಪತ್ತು ಲಕ್ಷಕ್ಕೂ ಮಿಗಿಲಾಗಿದ್ದಾರೆ. ಲಾಸ್ ಏಂಜಲಿಸ್ ನಗರದ ಪೀಕೊ-ಯೂನಿಯನ್ ಬಡಾವಣೆ, ವಾಷಿಂಗ್ಟನ್ನಿನ ಮೌಂಟ್ ಪ್ಲೆಸೆಂಟ್, ಅದರ ನೆರೆಯ ಮೇರಿಲೆಂಡಿನ ಲ್ಯಾಂಗ್ಲಿ ಪಾರ್ಕ್ ಇವು ಅವರ ನೆಲೆಗಳು.

ಇಂಥ ಬಡಾವಣೆಯ ಪುಪುಸೆರಿಯಾದಲ್ಲಿ ಆಡಂಬರವನ್ನು ಹುಡುಕಬೇಡಿ. ಒರೆಸಿದರೆ ಶುಭ್ರವಾಗುವ ಮೇಜುಗಳು, ಗೋಡೆಯ ಮೇಲೆ ನೀಲಿ ಬಿಳಿಯ ಬಾವುಟ, ಮೂಲೆಯಲ್ಲಿ ಫುಟ್‌ಬಾಲ್ ಪಂದ್ಯ ತೋರಿಸುವ ದೂರದರ್ಶನ, ಇಷ್ಟಿದ್ದರೆ ಆಯಿತು. ಊಟಕ್ಕಿಂತ ಮೊದಲು ಅದರ ಸದ್ದು ಕಿವಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಹೆಂಗಸರು ಹಿಟ್ಟಿನ ಉಂಡೆಯನ್ನು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹಾಕಿ ತಟ್ಟುವ ಪಟಪಟ ಸದ್ದು ಅದು.

ಪುಪೂಸವೆಂದರೆ ಹೂರಣ ತುಂಬಿದ ದಪ್ಪ ರೊಟ್ಟಿ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಸಿಪ್ಪೆ ತೊಳೆದು ಅರೆದ ಹಿಟ್ಟು ಅದಕ್ಕೆ ಆಧಾರ. ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ತೋಡಿ, ಹೂರಣವಿಟ್ಟು, ಬಾಯಿ ಮುಚ್ಚಿ, ತಟ್ಟಿ ಕಾವಲಿಯ ಮೇಲೆ ಹಾಕುತ್ತಾರೆ. ಹೋಳಿಗೆ ಮಾಡಿ ಪಳಗಿದ ನಮ್ಮ ಗೃಹಿಣಿಯರು ಇದೇನು ಮಹಾ ಎಂದಾರು. ಆದರೆ ಹೋಳಿಗೆಯ ಕಣಕ ಎಳೆದಂತೆ ಬರುತ್ತದೆ. ಜೋಳದ ಹಿಟ್ಟಿಗೆ ಆ ಜಿಗುಟಿಲ್ಲ. ಅಕ್ಕಿರೊಟ್ಟಿಯಂತೆ ಅಂಚು ಸೀಳುತ್ತದೆ. ಒದ್ದೆಗೈಯಿಂದ ಸವರಿ, ಸೀಳದಂತೆ, ಹೂರಣ ಹೊರಬೀಳದಂತೆ ಗುಂಡಗೆ ತಟ್ಟುವುದರಲ್ಲಿಯೇ ಕೈಚಳಕವಿರುವುದು. ಆ ಕಾವಲಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಕೊಮಾಲ್’ ಎಂದು ಹೆಸರು. ಹೆಸರು ಕೋಮಲ, ಸ್ವಭಾವ ಮಾತ್ರ ಬಹಳ ಬಿಸಿ!

ಹೂರಣದಲ್ಲಿ ಬಗೆಬಗೆ ಉಂಟು. ಬರಿಯ ಗಿಣ್ಣು, ಅರೆದು ಹುರಿದ ಕೆಂಪು ಹುರುಳಿಕಾಯಿ ಬೀಜ, ಅರೆದ ಹಂದಿಮಾಂಸ. ಈ ಮೂರೂ ಬೆರೆತರೆ ‘ರೆವೆಲ್ಟಾ’. ಅಲ್ಲಿನ ವಿಶೇಷವೆಂದರೆ ‘ಲೊರೊಕೊ’ ಎಂಬ ಬಳ್ಳಿಯ ಹೂಮೊಗ್ಗು. ಗಿಣ್ಣಿನೊಡನೆ ಅದು ಬೆಂದಾಗ ಏಳುವ ಪರಿಮಳವನ್ನು ತವರು ಬಿಟ್ಟವರು ಮರೆಯಲಾರರು. ಸಸ್ಯಾಹಾರಿಗಳು ಗಿಣ್ಣು ಲೊರೊಕೊ ಬೆರೆತದ್ದನ್ನು ಆರಿಸಿಕೊಳ್ಳಬಹುದು. ಬೀಜದ ಹೂರಣವನ್ನು ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು. ಮೊದಲೇ ಕೇಳಿಕೊಂಡರೆ ಉತ್ತಮ, ಕೇಳಿದರೆ ಯಾರೂ ಬೇಸರಿಸರು.

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂದು ನಮ್ಮ ಗಾದೆ ಕೇಳುತ್ತದೆ. ಅಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಎಲೆಕೋಸು, ಗಜ್ಜರಿ, ಈರುಳ್ಳಿಗಳನ್ನು ಹೆಚ್ಚಿ ಹುಳಿ ಬರಿಸಿದ ‘ಕುರ್ತೀದೊ’ ಪುಪೂಸದ ಜೊತೆಗೆ ಬಂದೇ ಬರುತ್ತದೆ. ಹಲವೆಡೆ ಅದನ್ನು ದೊಡ್ಡ ಭರಣಿಯಲ್ಲಿ ಮೇಜಿನ ಮೇಲೆಯೇ ಇಟ್ಟಿರುತ್ತಾರೆ, ಬೇಕಾದಷ್ಟು ಬಡಿಸಿಕೊಳ್ಳಬಹುದು. ಜೊತೆಗೆ ಖಾರವಿಲ್ಲದ ತಿಳಿಯಾದ ಟೊಮ್ಯಾಟೊ ಗೊಜ್ಜು. ರೊಟ್ಟಿಯ ತುಂಡು ಮುರಿದು, ಮೇಲೆ ಒಂದು ಚಿಟಿಕೆ ಕುರ್ತೀದೊ ಇಟ್ಟು ಬಾಯಿಗೆ ಹಾಕುವುದು ಕ್ರಮ. ಮುಳ್ಳುಚಮಚ ಕೇಳಿದರೆ ಕೊಟ್ಟಾರು. ಆದರೆ ಮನಸ್ಸಿನಲ್ಲಿಯೇ ನಕ್ಕಾರು.

ಮಕ್ಕಳಿಗೆ ಕರಿದ ಬಾಳೆಹಣ್ಣು, ಮೇಲೆ ಕೆನೆ. ಕುಡಿಯಲು ಮೊರ್ರೊ ಎಂಬ ಕಾಯಿಯ ಬೀಜ, ಅಕ್ಕಿ, ದಾಲ್ಚಿನ್ನಿಗಳನ್ನು ಅರೆದು ಸೋಸಿದ ‘ಓರ್ಚಾತಾ’. ಇಲ್ಲವೆ ಹುಣಸೆಯ ಪಾನಕ. ಹೌದು, ನಮ್ಮ ಹುಣಸೆಯೇ! ಹಳೆಯ ಜಗತ್ತಿನಿಂದ ಹುಣಸೆ ಅತ್ತ ಹೋಯಿತು. ಅತ್ತಣಿಂದ ಮುಸುಕಿನ ಜೋಳ ಇತ್ತ ಬಂದು ಇಂದು ದಾವಣಗೆರೆ, ಹಾವೇರಿಗಳ ಹೊಲಗಳನ್ನು ತುಂಬಿದೆ. ಆದರೆ ಜೋಳದೊಡನೆ ಸುಣ್ಣದ ನೀರಿನ ವಿದ್ಯೆ ಎಲ್ಲೆಡೆಗೂ ಪಯಣಿಸಲಿಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವು ಸುಣ್ಣದಲ್ಲಿ ಬೆಂದಾಗಲೇ ದೇಹಕ್ಕೆ ಚೆನ್ನಾಗಿ ದಕ್ಕುವುದು. ಇದನ್ನರಿಯದೆ ಜೋಳವೊಂದನ್ನೇ ನೆಚ್ಚಿದ ಉತ್ತರ ಇಟಲಿಯ ಬಡವರೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ಸೀಮೆಯ ಬಡವರೂ ಪೆಲಾಗ್ರ ಎಂಬ ರೋಗಕ್ಕೆ ತುತ್ತಾದರು. ಮಧ್ಯ ಅಮೆರಿಕದ ಅಜ್ಜಿಯರು ವಿಜ್ಞಾನದ ಹೆಸರು ಕೇಳುವ ಮುನ್ನವೇ ತಮ್ಮ ಮಕ್ಕಳನ್ನು ಅದರಿಂದ ಕಾಪಾಡಿಕೊಂಡಿದ್ದರು.

ಇಷ್ಟು ಸವಿಯಾದ ಊಟ ತನ್ನ ಮನೆ ಬಿಟ್ಟು ಸಾವಿರಾರು ಮೈಲಿ ಬಂದದ್ದೇಕೆ? ಈ ಕಥೆ ಸವಿಯಾದುದಲ್ಲ. ೧೯೮೦ರಿಂದ ೧೯೯೨ರವರೆಗೆ ಆ ದೇಶವನ್ನು ಅಂತರ್ಯುದ್ಧ ಸುಟ್ಟಿತು. ಬಡವರ ಪರವಾಗಿ ಮಾತನಾಡುತ್ತಿದ್ದ ಆರ್ಚ್‌ಬಿಷಪ್ ಓಸ್ಕರ್ ರೊಮೇರೊ ಅವರನ್ನು ೧೯೮೦ರ ಮಾರ್ಚ್ ೨೪ರಂದು, ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ೨೦೧೮ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಯುದ್ಧದಲ್ಲಿ ಸತ್ತವರು ಸುಮಾರು ೭೫,೦೦೦ ಮಂದಿ. ಊರು ಬಿಟ್ಟು ಓಡಿದವರು ಲಕ್ಷಾಂತರ. ೧೯೯೨ರ ಜನವರಿ ೧೬ರಂದು ಮೆಕ್ಸಿಕೊ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಅನೇಕ ಮಕ್ಕಳು ಪರದೇಶದ ಶಾಲೆಗಳಲ್ಲಿ ಬೆಳೆಯುತ್ತಿದ್ದರು.

ಭಾಷೆಯರಿಯದ, ಕಾಗದಪತ್ರಗಳಿಲ್ಲದ ಹೆಂಗಸಿಗೆ ಪರನಾಡಿನಲ್ಲಿ ಯಾರು ಕೆಲಸ ಕೊಟ್ಟಾರು? ಆದರೆ ಆಕೆಯ ಕೈಗೆ ಪುಪೂಸ ತಟ್ಟಲು ಗೊತ್ತಿತ್ತು. ಮನೆಯ ಒಲೆಯಲ್ಲಿ ಮಾಡಿ ನೆರೆಯವರಿಗೆ ಮಾರಿದ್ದು, ತಳ್ಳುಗಾಡಿಯಾಗಿ, ಮುಂದೆ ನಾಲ್ಕು ಮೇಜಿನ ಅಂಗಡಿಯಾದ ಸಂಸಾರಗಳು ಹಲವು. ಕಾವಲಿಯ ಮುಂದೆ ದುಡಿದ ಹಣದಲ್ಲಿ ಒಂದು ಪಾಲು ಊರಿಗೆ ಹೋಗುತ್ತದೆ. ಹೊರಗಿರುವವರು ಹೀಗೆ ಕಳುಹಿಸುವ ಹಣವು ಆ ದೇಶದ ವರಮಾನದ ಐದನೆಯ ಒಂದು ಪಾಲಿಗೂ ಮಿಗಿಲೆಂದರೆ ಆ ಕೈಗಳ ಬಲವನ್ನು ಊಹಿಸಬಹುದು.

ನಮ್ಮ ಮಕ್ಕಳೂ ಪರದೇಶದಲ್ಲಿದ್ದಾರಲ್ಲ ಎಂದು ಓದುಗರು ಹೇಳಬಹುದು. ನಿಜ, ಮೊಮ್ಮಕ್ಕಳ ಬಾಯಲ್ಲಿ ಭಾಷೆ ತೆಳುವಾಗುವ ದುಃಖ ಇಬ್ಬರಿಗೂ ಒಂದೇ. ಆದರೆ ನಮ್ಮವರಲ್ಲಿ ಹೆಚ್ಚಿನವರು ಹೊರಟದ್ದು ಕೈಯಲ್ಲಿ ಪದವಿಪತ್ರ, ಜೇಬಿನಲ್ಲಿ ವಿಮಾನದ ಚೀಟಿ ಹಿಡಿದು. ಅವರಲ್ಲಿ ಎಷ್ಟೋ ಮಂದಿ ಹೊರಟದ್ದು ಪ್ರಾಣಭಯದಿಂದ. ೨೦೦೧ರ ಜನವರಿ, ಫೆಬ್ರವರಿಗಳಲ್ಲಿ ಎರಡು ಭೂಕಂಪಗಳು ಎಲ್ ಸಾಲ್ವಡೋರನ್ನು ನಡುಗಿಸಿದಾಗ, ಆಗ ಅಮೆರಿಕದಲ್ಲಿದ್ದವರಿಗೆ ‘ತಾತ್ಕಾಲಿಕ’ ವಾಸದ ಅನುಮತಿ ದೊರೆಯಿತು. ಅದನ್ನು ಮತ್ತೆ ಮತ್ತೆ ಮುಂದುವರಿಸಿದರು. ೨೦೧೮ರಲ್ಲಿ ಸರ್ಕಾರ ಅದನ್ನು ಮುಗಿಸುವುದಾಗಿ ಸಾರಿತು, ನ್ಯಾಯಾಲಯ ತಡೆಯಿತು. ಆ ಅನುಮತಿಯನ್ನು ನೆಚ್ಚಿ ಮನೆ ಕೊಂಡು, ಅಂಗಡಿ ತೆರೆದು, ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ತಾಯಂದಿರು, ಮುಂದಿನ ಗಡುವು ಯಾವುದೆಂದು ಪಂಚಾಂಗ ನೋಡುತ್ತಲೇ ವರ್ಷಗಳನ್ನು ಕಳೆದರು.

ತವರು ಈ ತಿನಿಸನ್ನು ಮರೆತಿಲ್ಲ. ೨೦೦೫ರಲ್ಲಿ ಅಲ್ಲಿನ ಶಾಸನಸಭೆ ಪುಪೂಸವನ್ನು ರಾಷ್ಟ್ರೀಯ ಖಾದ್ಯವೆಂದು ಘೋಷಿಸಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಅದರ ಹಬ್ಬಕ್ಕೆ ಮೀಸಲಿಟ್ಟಿತು. ರಾಜಧಾನಿಯ ಬಳಿಯ ಒಲೊಕ್ವಿಲ್ತಾ ಎಂಬ ಊರು ಅಕ್ಕಿಹಿಟ್ಟಿನ ಪುಪೂಸಕ್ಕೆ ಹೆಸರಾಗಿದೆ. ಅಕ್ಕಿರೊಟ್ಟಿಯ ನಾಡಿನವರು ಇದನ್ನು ಗಮನಿಸಬೇಕು.

ಆದ್ದರಿಂದ, ಅತ್ತ ಹೊರಟಿರುವ ತಾಯಿತಂದೆಯರೇ, ಒಂದು ಭಾನುವಾರ ಮಕ್ಕಳೊಡನೆ ಪುಪುಸೆರಿಯಾಕ್ಕೆ ಹೋಗಿ. ಅದನ್ನು ಮೆಕ್ಸಿಕೊದ ತಿಂಡಿಯೆಂದು ಕರೆಯಬೇಡಿ. ಬೆಂಗಳೂರಿಗನನ್ನು ಮದ್ರಾಸಿಯೆಂದರೆ ಎಷ್ಟು ನೋವೋ ಅವರಿಗೂ ಅಷ್ಟೆ. ತಡವಾಯಿತೆಂದು ಅವಸರ ಮಾಡಬೇಡಿ. ನೀವು ಹೇಳಿದ ಮೇಲೆಯೇ ಹಿಟ್ಟು ಕೈಗೆ ಬರುವುದು. ಕಾಯುವಷ್ಟು ಹೊತ್ತು ಅಡುಗೆಮನೆಯತ್ತ ಕಿವಿಗೊಡಿ. ಬಿಸಿಯಾಗಿ ಬಂದಾಗ ಎರಡು ಕೈಯಿಂದ ಮುರಿಯಿರಿ; ಮೊದಲ ತುಂಡನ್ನು ಊದಿ, ಆರಿಸಿ ಮೊಮ್ಮಗುವಿಗೆ ಕೊಡಿ. ಪಕ್ಕದ ಮೇಜಿನ ಅಜ್ಜಿಯೂ ಅದನ್ನೇ ಮಾಡುತ್ತಿರುವುದನ್ನು ಕಂಡೀರಿ.