ಕಬ್ಬಿನ ಖರ್ಚು: ಯಾವುದನ್ನು ಹಿಡಿದಿರಿ, ಯಾವುದನ್ನು ಬಿಟ್ಟಿರಿ?

ಚಿಮ್ಮಡ, ಬನಹಟ್ಟಿ, ಮಹಾಲಿಂಗಪುರ, ಮುಧೋಳ ಸೀಮೆಯ ರೈತ ಬಾಂಧವರು 2025ರ ನವೆಂಬರ್ ತಿಂಗಳನ್ನು ಬೇಗ ಮರೆಯಲಾರರು. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಎದ್ದ ಕಬ್ಬಿನ ದರದ ಹೋರಾಟ ಬಾಗಲಕೋಟೆ ಜಿಲ್ಲೆಗೂ ಹಬ್ಬಿತು. ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಪಟ್ಟು ಹಿಡಿದರು. ರಾಜ್ಯ ಸರ್ಕಾರ ನಡುವೆ ಬಂದು 3,300 ರೂಪಾಯಿಯ ಸೂತ್ರ ಮುಂದಿಟ್ಟಿತು. ಸಮೀರವಾಡಿಯ ಬಳಿ ಕಬ್ಬು ತುಂಬಿದ ಟ್ರೇಲರುಗಳು ಬೆಂಕಿಗೆ ಆಹುತಿಯಾದವು. ರೈತರು 'ಖರ್ಚೇ ಹುಟ್ಟುವುದಿಲ್ಲ' ಎಂದರು, ಕಾರ್ಖಾನೆಯವರೂ 'ನಮಗೂ ಖರ್ಚು ಹುಟ್ಟುವುದಿಲ್ಲ' ಎಂದರು. ಇಬ್ಬರ ಬಾಯಲ್ಲೂ ಒಂದೇ ಮಾತು. ಆದರೆ ಆ ಮಾತಿನ ಅರ್ಥ ಒಂದೇ ಆಗಿತ್ತೇ? ಖರ್ಚು ಎಂಬುದರಲ್ಲಿ ಏನೇನು ಸೇರುತ್ತದೆ ಎಂಬುದನ್ನು ನೀವು ತಿಳಿದುಕೊಳ್ಳುವುದು ಒಳ್ಳೆಯದು.

ಸರ್ಕಾರದ ಲೆಕ್ಕ

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ನ್ಯಾಯ ಹಾಗೂ ಲಾಭದಾಯಕ ದರ, ಅಂದರೆ ಎಫ್.ಆರ್.ಪಿ., ಕ್ವಿಂಟಾಲಿಗೆ 355 ರೂಪಾಯಿ. ಇದು ಶೇ 10.25ರ ಸಕ್ಕರೆ ಇಳುವರಿಗೆ. ಇಳುವರಿ ಶೇ 0.1ರಷ್ಟು ಏರಿದಾಗಲೆಲ್ಲ 3 ರೂಪಾಯಿ 46 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಇಳುವರಿ ಶೇ 9.5ಕ್ಕಿಂತ ಕೆಳಗಿಳಿದರೆ ಮಾತ್ರ ಇನ್ನಷ್ಟು ಕಡಿತವಿಲ್ಲದೆ 329 ರೂಪಾಯಿ 5 ಪೈಸೆ. ಈ ದರ ಪ್ರಕಟಿಸುವಾಗ ಸರ್ಕಾರ ಹೇಳಿದ್ದು: ಉತ್ಪಾದನಾ ವೆಚ್ಚ ಕ್ವಿಂಟಾಲಿಗೆ 173 ರೂಪಾಯಿ, ಕೊಟ್ಟ ದರ ಅದಕ್ಕಿಂತ ಶೇ 105.2ರಷ್ಟು ಹೆಚ್ಚು.

ಹಾಗಿದ್ದರೆ ರೈತನಿಗೆ ಒಂದಕ್ಕೆ ಎರಡು ಸಿಗಬೇಕಿತ್ತಲ್ಲ, ಅದು ಹೋಗುವುದೆಲ್ಲಿಗೆ? ಉತ್ತರ ಆ 173ರ ಒಳಗಿದೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಖರ್ಚನ್ನು ಹಲವು ಬಗೆಯಾಗಿ ವಿಂಗಡಿಸುತ್ತದೆ. ಕೈಯಿಂದ ಕೊಟ್ಟ ಬೀಜ, ಗೊಬ್ಬರ, ಆಳು, ನೀರಿನ ಖರ್ಚು, ಉಪಕರಣಗಳ ಸವಕಳಿ, ದುಡಿಮೆ ಬಂಡವಾಳದ ಬಡ್ಡಿ, ಲಾವಣಿಗೆ ಪಡೆದ ಭೂಮಿಯ ಬಾಡಿಗೆ - ಇಷ್ಟು ಸೇರಿದರೆ ಎ-2. ಅದಕ್ಕೆ ಮನೆಮಂದಿಯ ದುಡಿಮೆಯ ಬೆಲೆ ಕೂಡಿದರೆ ಎ-2 ಜೊತೆ ಎಫ್.ಎಲ್. ಇದರ ಮೇಲೆ ಸ್ವಂತ ಭೂಮಿಯ ಬಾಡಿಗೆ ಮೌಲ್ಯ, ಸ್ವಂತ ಬಂಡವಾಳದ ಬಡ್ಡಿ ಸೇರಿಸಿದರೆ ಸಿ-2. ಸರ್ಕಾರ ಹೇಳಿದ 173 ಎರಡನೆಯದು. ನಿಮ್ಮ ಸ್ವಂತ ಹೊಲಕ್ಕೆ ಅದರಲ್ಲಿ ಬೆಲೆಯಿಲ್ಲ. ಅದು ಇಡೀ ದೇಶದ ಸರಾಸರಿಯೂ ಹೌದು.

ಒಂದು ಎಕರೆಯ ಲೆಕ್ಕ

ಲೆಕ್ಕ ಸುಲಭವಾಗಲೆಂದು ಒಂದು ಎಕರೆಯನ್ನು ಹಿಡಿಯೋಣ. ಅಂಕಿಗಳು ಉದಾಹರಣೆಗಷ್ಟೇ, ನಿಮ್ಮವನ್ನು ನೀವೇ ಹಾಕಿಕೊಳ್ಳಿ. ರೆಂಟೆ, ಬೀಜ, ಗೊಬ್ಬರ, ಆಳು, ಬಡ್ಡಿ ಸೇರಿ 48,000 ರೂಪಾಯಿ. ಪಂಪ್‌ಸೆಟ್, ಪೈಪುಗಳ ಸವಕಳಿ 4,000. ಮನೆಮಂದಿಯ ದುಡಿಮೆ 12,000. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ ಮತ್ತು ಸ್ವಂತ ಬಂಡವಾಳದ ಬಡ್ಡಿ 32,000. ಬೆಳೆ 40 ಟನ್.

ಮೊದಲ ಎರಡು ಬಾಬು ಮಾತ್ರ ಹಿಡಿದರೆ ಟನ್ನಿಗೆ 1,300 ರೂಪಾಯಿ ಖರ್ಚು. ದುಡಿಮೆ ಸೇರಿದರೆ 1,600. ಎಲ್ಲವೂ ಸೇರಿದರೆ 2,400. ಒಂದೇ ಹೊಲ, ಒಂದೇ ಬೆಳೆ, ಮೂರು ಖರ್ಚು! ಮೂರೂ ಸುಳ್ಳಲ್ಲ. ಯಾರಾದರೂ 'ಕಬ್ಬಿನ ಖರ್ಚು ಇಷ್ಟೇ' ಎಂದಾಗ 'ಯಾವ ಖರ್ಚು?' ಎಂದು ನೀವು ಕೇಳಬೇಕು.

ಇನ್ನು ಆದಾಯದ ಕಡೆ ನೋಡಿ. ಎಫ್.ಆರ್.ಪಿ. ಕಾರ್ಖಾನೆಯ ಬಾಗಿಲಿನ ದರ. ಕಟಾವು, ಸಾಗಾಣಿಕೆಯ ಖರ್ಚನ್ನು ಅದರಲ್ಲಿಯೇ ಮುರಿದುಕೊಳ್ಳುತ್ತಾರೆ. ಅದು ಟನ್ನಿಗೆ 800 ರೂಪಾಯಿ ಎಂದಿಟ್ಟುಕೊಂಡರೆ 3,550ರಲ್ಲಿ ಉಳಿಯುವುದು 2,750. ಪೂರ್ತಿ ಖರ್ಚು 2,400 ಕಳೆದರೆ ಲಾಭ ಟನ್ನಿಗೆ 350.

ಎಕರೆಯ ಖರ್ಚು, ಟನ್ನಿನ ಖರ್ಚು

ವ್ಯಾಪಾರಸ್ಥರು ಖರ್ಚನ್ನು ಇನ್ನೊಂದು ರೀತಿಯಲ್ಲೂ ವಿಂಗಡಿಸುತ್ತಾರೆ. ಮಾಲು ಹೆಚ್ಚಾದಂತೆ ಏರುವುದು ಬದಲಾಗುವ ಖರ್ಚು. ಮಾಲು ಎಷ್ಟೇ ಇರಲಿ, ಇದ್ದಷ್ಟೇ ಇರುವುದು ಸ್ಥಿರ ಖರ್ಚು. ಕಬ್ಬಿನಲ್ಲಿ ಟನ್ನಿನ ಜೊತೆ ಏರಿಳಿಯುವುದು ಮುಖ್ಯವಾಗಿ ಕಟಾವು ಮತ್ತು ಸಾಗಾಣಿಕೆ. ಉಳಿದದ್ದು ಬಹುಪಾಲು ಎಕರೆಗೆ ಅಂಟಿಕೊಂಡ ಖರ್ಚು. ಮೇಲಿನ ಹೊಲದಲ್ಲಿ ನೀರು ಸಾಲದೆ 30 ಟನ್ ಬಂತು ಎನ್ನಿ. ಎಕರೆಯ 96,000 ಕಡಿಮೆಯಾಗಲಿಲ್ಲ. ಟನ್ನಿಗೆ 3,200 ಬಿತ್ತು. 350 ಲಾಭವಿದ್ದಲ್ಲಿ 450 ನಷ್ಟ! ದರ ನೂರು ರೂಪಾಯಿ ಏರಿಸಲು ಹೋರಾಡುವುದು ಸರಿಯೇ. ಹತ್ತು ಟನ್ ಇಳುವರಿ ಕಳೆದುಕೊಂಡರೆ ಆ ನೂರು ಸಾಲದು ಎಂಬುದೂ ಗಮನದಲ್ಲಿರಲಿ.

ಕುಳೆ ಕಬ್ಬಿಗೂ ಇದೇ ಮಾತು. ಬೀಜ, ನಾಟಿಯ ಖರ್ಚು ಮೊದಲ ವರ್ಷದ್ದಷ್ಟೇ ಅಲ್ಲ. ಕುಳೆ ಎಷ್ಟು ಬೆಳೆ ಕೊಡುತ್ತದೋ ಅಷ್ಟಕ್ಕೂ ಹಂಚಬೇಕು. ಹಂಚದಿದ್ದರೆ ನಾಟಿ ಕಬ್ಬು ನಷ್ಟವಾಗಿಯೂ ಕುಳೆ ಕಬ್ಬು ಇರುವುದಕ್ಕಿಂತ ಹೆಚ್ಚು ಲಾಭವಾಗಿಯೂ ಕಾಣುತ್ತದೆ.

ಕಾರ್ಖಾನೆಯ ಲೆಕ್ಕ

ಕಾರ್ಖಾನೆಗೂ ನಿಜವಾದ ಸ್ಥಿರ ಖರ್ಚುಗಳಿವೆ. ನುರಿಸುವ ದಿನಗಳು ಕಡಿಮೆಯಾದರೂ ಕಾಯಂ ನೌಕರರ ಸಂಬಳ, ಯಂತ್ರದ ಸವಕಳಿ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಸಕ್ಕರೆಗೆ 2019ರ ಫೆಬ್ರುವರಿಯಲ್ಲಿ ಗೊತ್ತುಮಾಡಿದ ಕಿಲೋಗೆ 31 ರೂಪಾಯಿಯ ಕನಿಷ್ಠ ಮಾರಾಟ ದರ 2025ರ ಹೋರಾಟದ ಹೊತ್ತಿಗೂ ಬದಲಾಗಿರಲಿಲ್ಲ. ಶೇ 10.25ರ ಇಳುವರಿಯಲ್ಲಿ ಒಂದು ಟನ್ ಕಬ್ಬಿಗೆ 102.5 ಕಿಲೋ ಸಕ್ಕರೆ. ಆ ಕನಿಷ್ಠ ದರದಲ್ಲಿ 3,177 ರೂಪಾಯಿ 50 ಪೈಸೆ. ಕಬ್ಬಿನ ದರವೇ 3,550. ಇಷ್ಟನ್ನೇ ತೋರಿಸಿದರೆ ನಷ್ಟವೇ.

ಆದರೆ ಕಬ್ಬಿನಿಂದ ಸಕ್ಕರೆ ಒಂದೇ ಬರುವುದಿಲ್ಲ. ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ ಇವೆ. ಅವುಗಳಿಂದ ಎಥನಾಲ್, ವಿದ್ಯುತ್, ಗೊಬ್ಬರ ಆಗುತ್ತವೆ. ಕಬ್ಬು ಇವೆಲ್ಲಕ್ಕೂ ಸೇರಿದ ಜಂಟಿ ಖರ್ಚು. ಅದನ್ನು ಪೂರ್ತಿ ಸಕ್ಕರೆಯ ತಲೆಗೆ ಕಟ್ಟಿದರೆ ಸಕ್ಕರೆ ನಷ್ಟ ತೋರಿಸುತ್ತದೆ, ಪಕ್ಕದ ಡಿಸ್ಟಿಲರಿಗೆ ಕಾಕಂಬಿ ಅಗ್ಗವಾಗುತ್ತದೆ. 2012ರಲ್ಲಿ ರಂಗರಾಜನ್ ಸಮಿತಿ ಈ ಗೊಂದಲಕ್ಕೆ ಒಂದು ದಾರಿ ಸೂಚಿಸಿತ್ತು: ಸಕ್ಕರೆ ಮತ್ತು ಮೊದಲ ಹಂತದ ಉಪಉತ್ಪನ್ನಗಳ ಆದಾಯದಲ್ಲಿ ಶೇ 70, ಇಲ್ಲವೇ ಸಕ್ಕರೆಯೊಂದರದೇ ಆದರೆ ಶೇ 75, ಕಬ್ಬು ಬೆಳೆಗಾರರಿಗೆ ಸೇರಬೇಕು. ಆದ ಕಾರಣ ಮಾತುಕತೆಗೆ ಕೂತಾಗ ಸಕ್ಕರೆಯ ಲೆಕ್ಕವನ್ನಷ್ಟೇ ನೋಡಿ ಎದ್ದು ಬರಬೇಡಿ.

ಯಾವಾಗ ಯಾವ ಲೆಕ್ಕ?

ನಾಟಿಗೆ ಮೊದಲು ಎಲ್ಲ ಖರ್ಚನ್ನೂ ಹಿಡಿಯಿರಿ. ಹೊಲದ ಬಾಡಿಗೆ, ಮನೆಯವರ ದುಡಿಮೆ ಬಿಡಬೇಡಿ. ಗೋವಿನಜೋಳ, ಅರಿಶಿನ ಇವುಗಳ ಜೊತೆ ತೂಗಿ ನೋಡಲು ಅದೇ ಸರಿ. ಕಬ್ಬು ಬೆಳೆದು ನಿಂತ ಮೇಲೆ ಹಿಂದಿನ ಖರ್ಚು ಹೋದದ್ದು ಹೋಯಿತು. ಆಗ ಕಾರ್ಖಾನೆಗೆ ಕಳಿಸುವುದೋ, ಗಾಣಕ್ಕೆ ಹಾಕಿ ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುವುದೋ ಎಂಬುದಕ್ಕೆ ಇನ್ನು ಮುಂದೆ ಆಗುವ ಖರ್ಚನ್ನೂ ಬರುವ ಹಣವನ್ನೂ ಮಾತ್ರ ಹೋಲಿಸಿ. ಕಟಾವು ತಡವಾಗಿ ತೂಕ ಇಳಿಯುವುದೂ ಆ ಖರ್ಚಿನಲ್ಲೇ ಸೇರಿದೆ.

ಬಿಲ್ಲು ತಡವಾದರೆ ಸಂಘದ ಸಾಲದ ಬಡ್ಡಿ ಬೆಳೆಯುತ್ತದೆ, ಅದೂ ಖರ್ಚೇ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಕೇಳುವ ಹಕ್ಕು ನಿಮಗಿದೆ. ತೂಕದ ಚೀಟಿ, ತಾರೀಖು ಜೋಪಾನ ಮಾಡಿ.

ಒಂದು ನೋಟ್‌ಬುಕ್ ಇಡಿ. ಮೂರು ಗೀಟು ಹಾಕಿ: ಕೈಯಿಂದ ಕೊಟ್ಟದ್ದು, ಮನೆಯವರು ದುಡಿದದ್ದು, ಹೊಲ ಮತ್ತು ಬಂಡವಾಳದ್ದು. ಊರಿನ ಹತ್ತು ಮಂದಿ ಹೀಗೆ ಬರೆದಿಟ್ಟರೆ ಮುಂದಿನ ಹಂಗಾಮಿನ ದರದ ಸಭೆಗೆ ಘೋಷಣೆಯ ಜೊತೆಗೆ ಲೆಕ್ಕವನ್ನೂ ಒಯ್ಯಬಹುದು.