ಊರು ಬದಲಿಸುವ ಮುನ್ನ

ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಮುಂಬಯಿ ಕನ್ನಡಿಗನಿಗೆ ಧಾರವಾಡದ ಜೀವನ ಅಗ್ಗವೆಂದು ತೋರುವುದು ಸಹಜ. ಆದರೆ ಬಾಡಿಗೆಯ ಅಂತರವೊಂದೇ ಉಳಿತಾಯವಲ್ಲ. ಸಾಮಾನು ಸಾಗಣೆ, ಮುಂಗಡ ಠೇವಣಿ, ಕೆಲಕಾಲ ಎರಡೂ ಕಡೆಯ ಖರ್ಚು ಮೊದಲೇ ಲೆಕ್ಕಕ್ಕೆ ಬರಬೇಕು. ಒಯ್ದ ಕಾರು 12 ತಿಂಗಳು ಮೀರಿ ಅಲ್ಲಿಯೇ ಉಳಿದರೆ, 1988ರ ಮೋಟಾರು ವಾಹನ ಕಾಯಿದೆಯಂತೆ ಮರುನೋಂದಣಿ ಅನಿವಾರ್ಯ.

ಎಲ್ಲಕ್ಕೂ ಮಿಗಿಲಾದುದು ಆರೋಗ್ಯ. ಹಲವು ವರ್ಷಗಳಿಂದ ಪ್ರಕೃತಿ ಬಲ್ಲ ವೈದ್ಯರು ಇಲ್ಲಿಯೇ ಉಳಿಯುತ್ತಾರೆ. ಹೊಸ ಮನೆಗೆ ಆಸ್ಪತ್ರೆ ಎಷ್ಟು ದೂರ, ಆರೋಗ್ಯವಿಮೆ ಅಲ್ಲಿ ನಗದುರಹಿತವಾಗಿ ಸಲ್ಲುವುದೇ ಎಂದು ವಿಚಾರಿಸದ ಆಯವ್ಯಯದ ಪಟ್ಟಿ ಅಪೂರ್ಣ.

ಆದುದರಿಂದ ಮುಂಬಯಿಯ ಮನೆಯನ್ನು ಮಾರುವ ಆತುರ ಸಲ್ಲದು. ಅದನ್ನು ಬಾಡಿಗೆಗೆ ಕೊಟ್ಟು, ಒಂದು ವರ್ಷ ಅಲ್ಲಿ ಬಾಡಿಗೆಗಿದ್ದು ನೋಡುವುದೇ ವಿವೇಕ. ಮಾರಿದ ಮನೆಯನ್ನು ಮರಳಿ ಕೊಳ್ಳುವುದು ಪಿಂಚಣಿದಾರನ ಕೈಲಾಗದ ಮಾತು.