ಪೇಟಿಯ ಬಿಜಾಪುರೆ

ರಾಮದುರ್ಗ, ಸವದತ್ತಿ, ಬೈಲಹೊಂಗಲಗಳ ಸೀಮೆಯಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಭಜನೆಯ ಮನೆಯಲ್ಲಿ ಪೇಟಿ, ಪಾರಿಜಾತದ ಅಟ್ಟದ ಮೇಲೆ ಪೇಟಿ. ಕಂಪನಿ ನಾಟಕದಲ್ಲಂತೂ ಪೇಟಿ ಮಾಸ್ತರರು ಸ್ವರ ಹಿಡಿಯದೆ ರಂಗಗೀತೆ ಮೊದಲಾಗುವಂತಿರಲಿಲ್ಲ. ಆದರೆ ಅದೇ ಪೇಟಿ ರಾಗಸಂಗೀತದ ಬೈಠಕ್ಕಿಗೆ ಬಂದಾಗ ಗಾಯಕನ ಮಗ್ಗುಲಿಗೆ ಸರಿದು ಕುಳಿತುಕೊಳ್ಳಬೇಕು. ಕರಪತ್ರದಲ್ಲಿ ಗಾಯಕನ ಹೆಸರು ದಪ್ಪ ಅಕ್ಷರಗಳಲ್ಲಿ, ಸಾಥಿಯವನದು ಕೆಳಗೆಲ್ಲೋ ಸಣ್ಣದಾಗಿ. ಆ ಸಣ್ಣ ಅಕ್ಷರಗಳಲ್ಲಿಯೇ ಎಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದವರು ಇದೇ ಜಿಲ್ಲೆಯ ರಾಮಭಾವು ಬಿಜಾಪುರೆಯವರು.

ಅವರು ಹುಟ್ಟಿದ್ದು 1917ರ ಜನವರಿ 7ರಂದು, ಕಾಗವಾಡದಲ್ಲಿ. ತಂದೆ ನಾಟಕ ಬರೆಯುತ್ತಿದ್ದರು, ಸಂಗೀತ ಕಲಿಸುತ್ತಿದ್ದರು. ಹೀಗಾಗಿ ರಂಗಪದವೂ ರಾಗವೂ ಒಂದೇ ಮನೆಯಲ್ಲಿ ಕಿವಿಗೆ ಬಿದ್ದವು. ರಾಮಕೃಷ್ಣಬುವಾ ವಝೆಯವರಂಥ ಹಿರಿಯರಲ್ಲಿ ಗಾಯನದ ಶಿಕ್ಷಣವೂ ಆಯಿತು. ಇದು ಮುಖ್ಯ. ಹಾಡಬಲ್ಲವನು ಮಾತ್ರ ಹಾಡುವವನ ಮುಂದಿನ ಹೆಜ್ಜೆಯನ್ನು ಊಹಿಸಬಲ್ಲ. 1938ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ತೆರೆದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ವಾದ್ಯಕ್ಕೇ ಬಹಿಷ್ಕಾರ ಬಿತ್ತು. 1940ರ ಮಾರ್ಚಿನಿಂದ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಅದಕ್ಕೆ ಮುಂಚೆಯೇ ದಿಲ್ಲಿಯ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಈ ವಾದ್ಯವನ್ನು ಹಳಿದು ಬರೆದಿದ್ದರು; ರವೀಂದ್ರನಾಥ ಠಾಕೂರರೂ ಅದೇ ವರ್ಷದ ಜನವರಿಯಲ್ಲಿ ಕಲಕತ್ತೆಯ ಕೇಂದ್ರಕ್ಕೆ ಪತ್ರ ಬರೆದು ಅದನ್ನು ಕೈಬಿಡುವಂತೆ ಕೇಳಿದ್ದರು. ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಪೇಟಿಯ ಒಳಗಿರುವುದು ಹಿತ್ತಾಳೆಯ ನಾಲಗೆಗಳು. ಸಪ್ತಕಕ್ಕೆ ಹನ್ನೆರಡೇ ಸ್ವರ, ಅವೂ ಕದಲವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಇಲ್ಲ, ದರಬಾರಿಯ ತೂಗುವ ಗಾಂಧಾರವೂ ಇಲ್ಲ. ಯುರೋಪಿನಿಂದ ಬಂದ ವಾದ್ಯವೆಂಬ ದೋಷ ಬೇರೆ! ಪಿಟೀಲೂ ಅಲ್ಲಿಂದಲೇ ಬಂದಿತೆಂಬುದು ಯಾರಿಗೂ ನೆನಪಾದಂತಿಲ್ಲ.

1950ರಲ್ಲಿ ಧಾರವಾಡದಲ್ಲಿ ಬಾನುಲಿ ಕೇಂದ್ರ ತೆರೆಯಿತು. ಬೆಳಗಾವಿಗೆ ಅಷ್ಟು ಸಮೀಪ. ಆದರೂ ಅಲ್ಲಿ ಸಾಥಿಗೆ ಸಾರಂಗಿಗೆ, ಪಿಟೀಲಿಗೆ ಎಡೆಯಿತ್ತು, ಪೇಟಿಗೆ ಇರಲಿಲ್ಲ. ಒಪ್ಪಿಗೆ ದೊರೆತದ್ದು 1971ರಲ್ಲಿ, ಅದೂ ಸಾಥಿಗಷ್ಟೇ. ನಿಷೇಧ ಬಿದ್ದಾಗ ಇಪ್ಪತ್ತಮೂರರವರಾಗಿದ್ದ ರಾಮಭಾವುಗಳಿಗೆ ಆಗ ಐವತ್ತನಾಲ್ಕು. ಕಲಾವಿದನೊಬ್ಬನ ಹೆಸರು ಮನೆಮನೆಗೆ ಮುಟ್ಟಬೇಕಾದ ಪ್ರಾಯವೆಲ್ಲ ಬಾನುಲಿಯ ಮೌನದಲ್ಲಿ ಕಳೆದುಹೋಗಿತ್ತು.

ಆದರೆ ಗಾಯಕರು ಅವರನ್ನು ಬಿಡಲಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಇವರೆಲ್ಲರ ಪಕ್ಕದಲ್ಲಿ ಅವರು ತಿದಿಯೊತ್ತಿದರು. ಈ ನಾಲ್ವರ ದಾರಿ ನಾಲ್ಕು ಎಂಬುದನ್ನು ಕೇಳಿದವರು ಬಲ್ಲರು. ಮನಸೂರರು ಅಪರೂಪದ ಜೋಡುರಾಗವನ್ನೆತ್ತಿ ಉಸಿರು ಬಿಡದೆ ಹೆಣೆಯುತ್ತ ಹೋಗುವವರು. ಕುಮಾರರದು ಥಟ್ಟನೆ ಚಿಮ್ಮಿ ಥಟ್ಟನೆ ನಿಲ್ಲುವ ಸ್ವರ. ಸಾಥಿಯವನಿಗೆ ಮೊದಲೇ ಏನೂ ಬರೆದುಕೊಟ್ಟಿರುವುದಿಲ್ಲ. ಗಾಯಕನಿಗಿಂತ ಅರ್ಧ ಕ್ಷಣ ಹಿಂದಿದ್ದರೆ ಹಾಡು ಜಗ್ಗುತ್ತದೆ; ಅರ್ಧ ಕ್ಷಣ ಮುಂದೆ ಹೋದರೆ ಗಾಯಕನ ಕಲ್ಪನೆಯನ್ನು ಕದ್ದಂತೆ. ಗಾಯಕ ಉಸಿರೆಳೆದುಕೊಳ್ಳುವಾಗ ಆ ತೆರಪನ್ನು ತುಂಬಬೇಕು, ಆದರೆ ತುಂಬಿದ್ದು ತಿಳಿಯಕೂಡದು. ಚೆನ್ನಾಗಿ ಮಾಡಿದಷ್ಟೂ ಶ್ರೋತೃಗಳ ಕಣ್ಣಿಗೆ ಬೀಳದ ಕೆಲಸವಿದು; ಹೆಸರು ಮಾಡುವ ಆಸೆಯುಳ್ಳವರು ಈ ದಾರಿ ಹಿಡಿಯುವುದಿಲ್ಲ.

ಹಾಗೆಂದು ರಾಮಭಾವುಗಳು ಮಗ್ಗುಲಲ್ಲಿಯೇ ಉಳಿದವರಲ್ಲ. ಒಂಟಿಯಾಗಿಯೂ ಪೇಟಿ ನುಡಿಸಿದರು. ಜಾರಲಾರದ ಸ್ವರಗಳನ್ನು, ಬೆರಳು ಎತ್ತುವ ಮೊದಲೇ ಮುಂದಿನ ಪಟ್ಟಿ ಮುಟ್ಟಿ, ಗಾಳಿಯನ್ನು ಹದವಾಗಿ ಒತ್ತಿ, ಕಿವಿಗೆ ಜಾರಿದಂತೆ ಕೇಳಿಸುವುದೇ ಈ ವಾದ್ಯದ ಪಳಗಿದ ಕೈ. ವಿದ್ಯಾಲಯದ ಪಾಠವೂ ನಡೆದೇ ಇತ್ತು. ಸರ್ಕಾರದ ಪುರಸ್ಕಾರಗಳು ಬಂದವು, ತಲೆ ನರೆತ ಮೇಲೆ.

2010ರ ನವೆಂಬರಿನಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರಲ್ಲಿ ಕಲಿತವರ ಪೈಕಿ ರವೀಂದ್ರ ಕಾಟೋಟಿಯವರ ಪೇಟಿ ಬೆಂಗಳೂರಿನ ಸಭೆಗಳಿಗೆ ಪರಿಚಿತ. ಬೆಳಗಾವಿಯ ಶಿಷ್ಯ ಸುಧಾಂಶು ಕುಲಕರ್ಣಿಯವರು ಮಗ ಸಾರಂಗರೊಡನೆ ಪೇಟಿಯ ಜುಗಲಬಂದಿ ನುಡಿಸಿದ್ದಾರೆ: ವೇದಿಕೆಯ ನಟ್ಟನಡುವೆ ಎರಡು ಪೇಟಿ, ಪಕ್ಕದಲ್ಲಿ ಗಾಯಕನಿಲ್ಲ.